ಒಂದು ಹೆಸರು, ಎರಡು ನೆನಪು

ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ತುಂಗಭದ್ರಾ ನದಿಯ ಬಲದಂಡೆಯ ಸೀಮೆಯಲ್ಲಿರುವ ಊರು. ಇಂದು ಅದು ವಿಜಯನಗರ ಜಿಲ್ಲೆಗೆ ಸೇರಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಾಗಿತ್ತು. ಹೊಳೆಯನ್ನು ದಾಟಿದರೆ ಆಚೆಯ ದಡದ ರಾಣೆಬೆನ್ನೂರು ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹೊಳೆಯ ಮೇಲುಗಡೆಗೆ ಹೋದರೆ ಹರಿಹರ, ದಾವಣಗೆರೆಗಳು ಮೈಸೂರು ಮಹಾರಾಜರ ಆಳ್ವಿಕೆಯಲ್ಲಿದ್ದವು. ಮೂರು ಸೀಮೆಗಳಲ್ಲಿಯೂ ಜನರು ಆಡುತ್ತಿದ್ದುದು ಕನ್ನಡವೇ. ಆದರೆ ಅವರು ಕಂದಾಯ ಕಟ್ಟುವ ಕಚೇರಿ, ನ್ಯಾಯ ಕೇಳುವ ಕೋರ್ಟು, ಅಹವಾಲು ಹೇಳಿಕೊಳ್ಳುವ ರಾಜಧಾನಿ ಬೇರೆ ಬೇರೆಯಾಗಿದ್ದವು. ಇಂತಹ ಊರಿನಲ್ಲಿ 1902ನೆಯ ಇಸವಿ ಡಿಸೆಂಬರ್ 10ರಂದು ಸಿದ್ದವನಹಳ್ಳಿ ನಿಜಲಿಂಗಪ್ಪನವರು ಜನಿಸಿದರು.

ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ದಾವಣಗೆರೆ, ಚಿತ್ರದುರ್ಗಗಳಲ್ಲಿ ಓದಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. ಪುಣೆಯಲ್ಲಿ ಕಾನೂನು ಕಲಿತು ಚಿತ್ರದುರ್ಗದಲ್ಲಿ ವಕೀಲಿ ವೃತ್ತಿಯನ್ನು ಹಿಡಿದರು. ಮದರಾಸು ಪ್ರಾಂತದಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದಲ್ಲಿ ಬೆಳೆದು, ಮುಂಬಯಿ ಪ್ರಾಂತದಲ್ಲಿ ವಿದ್ಯೆ ಪಡೆದ ಈ ತರುಣನಿಗೆ ಕನ್ನಡ ನಾಡು ಹರಿದು ಹಂಚಿಹೋಗಿದೆಯೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದೆ ಅವರು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. ಅವರು ಅಧ್ಯಕ್ಷರಾಗಿದ್ದಾಗಲೇ ಆ ಮಹಾಸಂಸ್ಥೆ ಎರಡಾಗಿ ಒಡೆಯಿತು.

2000ದ ಆಗಸ್ಟ್ ತಿಂಗಳಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ನಿಜಲಿಂಗಪ್ಪನವರು ನಿಧನರಾದರು. ಆಗ ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಉಪಾಧ್ಯಾಯನಾಗಿದ್ದೆ. ಶಾಲೆಯಲ್ಲಿ ಸಂತಾಪಸಭೆ ನಡೆಯಿತು. ಮುಖ್ಯೋಪಾಧ್ಯಾಯರು ಅವರನ್ನು ನಾಡನ್ನು ಒಂದುಗೂಡಿಸಿದ ಮಹನೀಯರೆಂದು ಕೊಂಡಾಡಿದರು. ಎರಡು ನಿಮಿಷ ಮೌನವಾಗಿ ನಿಂತು ನಾವೆಲ್ಲರೂ ತರಗತಿಗೆ ಮರಳಿದೆವು. ಆಗ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, "ಸರ್, ರಾಜ್ಯವನ್ನು ಕೂಡಿಸಿದವರೂ ಅವರೇ, ಪಕ್ಷವನ್ನು ಒಡೆದವರೂ ಅವರೇ ಎಂದು ನಮ್ಮ ತಾತ ಹೇಳುತ್ತಾರೆ. ಹಾಗಾದರೆ ಅವರು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ?" ಎಂದು ಕೇಳಿದನು. ಗಂಟೆ ಬಾರಿಸಿದ್ದರಿಂದ ಅಂದು ನಾನು ಉತ್ತರ ಹೇಳಲಿಲ್ಲ. ಗಂಟೆ ಬಾರಿಸದೆ ಇದ್ದಿದ್ದರೂ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಆ ಹುಡುಗನ ಪ್ರಶ್ನೆಯನ್ನು ಈಗ ನಿಮ್ಮೊಡನೆ ಕುಳಿತು ವಿಚಾರಿಸಬೇಕೆಂದಿದ್ದೇನೆ.

ಮೊದಲು ಜಮೆಯ ಕಡೆಯನ್ನು ನೋಡೋಣ. ಸ್ವಾತಂತ್ರ್ಯ ಚಳವಳಿಯಲ್ಲಿ ಧುಮುಕಿ ಸೆರೆಮನೆವಾಸ ಕಂಡ ನಿಜಲಿಂಗಪ್ಪನವರು 1946ರಲ್ಲಿ ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾದರು. ಭಾರತದ ಸಂವಿಧಾನ ಸಭೆಯ ಸದಸ್ಯರಾಗಿದ್ದರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು. ಈ ಎಲ್ಲ ಸ್ಥಾನಗಳಲ್ಲಿಯೂ ಅವರು ಬಿಡದೆ ನುಡಿದ ಮಾತು ಕರ್ನಾಟಕದ ಏಕೀಕರಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ, ಹರಪನಹಳ್ಳಿಯೂ ಸೇರಿದಂತೆ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಬಂತು. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು ರಾಜ್ಯಗಳ ಕನ್ನಡ ಪ್ರದೇಶಗಳೂ ಕೊಡಗೂ ಮೈಸೂರಿನೊಡನೆ ಒಂದಾದವು. ಬೇರೆ ಬೇರೆ ಕಾನೂನು, ಬೇರೆ ಬೇರೆ ಕಂದಾಯ ಪದ್ಧತಿ, ಬೇರೆ ಬೇರೆ ಆಡಳಿತಭಾಷೆಗಳಿಗೆ ಒಗ್ಗಿಹೋಗಿದ್ದ ಸೀಮೆಗಳನ್ನು ಒಂದೇ ಆಡಳಿತಕ್ಕೆ ಒಗ್ಗಿಸುವ ಹೊಣೆ ಹೊಸ ಮುಖ್ಯಮಂತ್ರಿಯಾದ ನಿಜಲಿಂಗಪ್ಪನವರ ಹೆಗಲಿಗೆ ಬಿದ್ದಿತು.

ಆದರೆ ಈ ಜಮೆಯನ್ನು ಪೂರ್ತಿಯಾಗಿ ಒಬ್ಬರ ಹೆಸರಿಗೇ ಬರೆಯುವುದು ನ್ಯಾಯವಲ್ಲ. ಏಕೀಕರಣದ ಕನಸನ್ನು ಆಲೂರು ವೆಂಕಟರಾಯರು ಹಲವು ದಶಕಗಳ ಮುಂಚೆಯೇ ಬಿತ್ತಿದ್ದರು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಅದಕ್ಕಾಗಿ ಉಪವಾಸ ಕುಳಿತರು. ಹಳೆಯ ಮೈಸೂರಿನಲ್ಲಿ ಹಲವರು ಏಕೀಕರಣವನ್ನು ಒಪ್ಪದೆ ಇದ್ದಾಗ, ಅಲ್ಲಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಸೀಮೆಯವರ ವಿರೋಧವನ್ನು ಎದುರಿಸಿ ಅದನ್ನು ಬೆಂಬಲಿಸಿದರು. ಹೊಸ ರಾಜ್ಯ ಉದಯಿಸುವ ವೇಳೆಗೆ ಅವರು ಅಧಿಕಾರದಲ್ಲಿರಲಿಲ್ಲ. ಹಲವರು ಉತ್ತು ಬಿತ್ತಿದ ಹೊಲದಲ್ಲಿ ಸುಗ್ಗಿಯ ದಿನ ಕಣದಲ್ಲಿ ನಿಂತವರ ಹೆಸರೇ ಜನರ ಬಾಯಲ್ಲಿ ಉಳಿಯುವುದುಂಟು. ನಾಯಕರ ಕೀರ್ತಿಯನ್ನು ಅಳೆಯುವಾಗ ಈ ಮಾತನ್ನು ನೆನಪಿಡಬೇಕು.

1958ರಲ್ಲಿ ಪಕ್ಷದೊಳಗಿನ ಭಿನ್ನಮತದಿಂದಾಗಿ ನಿಜಲಿಂಗಪ್ಪನವರು ಅಧಿಕಾರ ಬಿಟ್ಟರು, ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಯಾದರು. 1962ರ ಚುನಾವಣೆಯಲ್ಲಿ ಹೊಸದುರ್ಗದ ಮತದಾರರು ಅವರನ್ನು ಸೋಲಿಸಿದರು. ಆ ಬಳಿಕ ಬಾಗಲಕೋಟೆಯ ಜನರು ಅವರನ್ನು ವಿಧಾನಸಭೆಗೆ ಕಳುಹಿಸಿಕೊಟ್ಟರು. ಅದೇ ವರ್ಷ ಮತ್ತೆ ಮುಖ್ಯಮಂತ್ರಿಯಾದ ಅವರು 1968ರವರೆಗೆ ರಾಜ್ಯವನ್ನು ನಡೆಸಿದರು. ಈ ಅವಧಿಯಲ್ಲಿ ಶರಾವತಿಯ ವಿದ್ಯುತ್ತು ನಾಡಿಗೆ ಹರಿಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವೂ ಕೃಷಿ ವಿಶ್ವವಿದ್ಯಾನಿಲಯವೂ ಹುಟ್ಟಿದವು. ಅದೇ ವರ್ಷ ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿಟ್ಟರು.

ಈಗ ಇದೇ ಕೆಲಸಗಳನ್ನು ಇನ್ನೊಂದು ದಡದಿಂದ ನೋಡೋಣ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮಲೆನಾಡಿನ ಊರುಗಳು ಮುಳುಗಿದವು. ಅಲ್ಲಿಂದ ಎದ್ದು ಬಂದ ಕುಟುಂಬಗಳಲ್ಲಿ ಅನೇಕರಿಗೆ ಹೊಸ ನೆಲದ ಹಕ್ಕುಪತ್ರ ದಶಕಗಳು ಕಳೆದರೂ ಕೈಸೇರಲಿಲ್ಲ. ಆಲಮಟ್ಟಿಯ ನೀರು ಬಹು ವರ್ಷಗಳ ನಂತರ ಏರಿದಾಗ ಬಾಗಲಕೋಟೆಯ ಹಳೆಯ ಪಟ್ಟಣದ ಒಂದು ಭಾಗ ಮುಳುಗಿ, ಜನರು ನವನಗರಕ್ಕೆ ಹೋಗಬೇಕಾಯಿತು. ಸೋತ ನಾಯಕನನ್ನು ಕೈಹಿಡಿದ ಊರು ಅದು. ಅವರ ಕಾಲದಲ್ಲಿ ಅಡಿಗಲ್ಲು ಬಿದ್ದ ಯೋಜನೆಗೆ ತನ್ನ ಬೀದಿಗಳನ್ನು ಬಿಟ್ಟುಕೊಟ್ಟ ಊರೂ ಅದೇ. ಇಂದು ಅಲ್ಲಿನ ವೈದ್ಯಕೀಯ ಕಾಲೇಜಿಗೆ ನಿಜಲಿಂಗಪ್ಪನವರ ಹೆಸರಿದೆ. ನೀರು ಪಡೆದ ರೈತನೂ ಮನೆ ಕಳೆದುಕೊಂಡ ಗೃಹಿಣಿಯೂ ಒಂದೇ ಹೆಸರನ್ನು ಒಂದೇ ಬಗೆಯಾಗಿ ನೆನೆಯಬೇಕೆಂದು ನಾವು ಹೇಳಲಾಗದು. ಒಂದು ಮುಳುಗಡೆಗೆ ಒಬ್ಬನೇ ನಾಯಕನನ್ನು ಹೊಣೆ ಮಾಡುವುದೂ ಸಲ್ಲದು.

ಭೂಮಿಯ ವಿಷಯದಲ್ಲಿಯೂ ಇಂತಹದೇ ಮಾತಿದೆ. 1961ರ ಭೂಸುಧಾರಣಾ ಕಾಯಿದೆ 1965ರಲ್ಲಿ, ಅವರ ಆಡಳಿತದಲ್ಲಿ, ಜಾರಿಗೆ ಬಂದಿತು. ಆದರೆ ಉಳುವವನಿಗೆ ಹೊಲ ಬಹುಮಟ್ಟಿಗೆ ದೊರೆತದ್ದು, 1974ರಲ್ಲಿ ದೇವರಾಜ ಅರಸರ ಸರ್ಕಾರ ಆ ಕಾಯಿದೆಗೆ ಗಟ್ಟಿಯಾದ ತಿದ್ದುಪಡಿ ತಂದ ಮೇಲೆ. ಗಡಿಯ ಪ್ರಶ್ನೆಯೂ ಹಾಗೆಯೇ. ಮಹಾರಾಷ್ಟ್ರದೊಡನೆ ಇದ್ದ ವಿವಾದವನ್ನು ಬಗೆಹರಿಸಲು 1966ರಲ್ಲಿ ಮಹಾಜನ ಆಯೋಗ ನೇಮಕವಾದಾಗ ನಿಜಲಿಂಗಪ್ಪನವರು ಒಪ್ಪಿದರು. ಬೆಳಗಾವಿ ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕೆಂದೂ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಸೀಮೆ ಮೈಸೂರಿಗೆ ಸೇರಬೇಕೆಂದೂ ಆಯೋಗ 1967ರಲ್ಲಿ ಹೇಳಿತು. ಮಹಾರಾಷ್ಟ್ರ ಆ ವರದಿಯನ್ನು ತಿರಸ್ಕರಿಸಿತು. ವರದಿ ಜಾರಿಗೆ ಬರಲಿಲ್ಲ. ತೀರಿದ ಪ್ರಶ್ನೆಯನ್ನು ಮತ್ತೆ ತೆರೆದದ್ದೇ ತಪ್ಪೆಂದು ಕೆಲವರು ಹೇಳುವರು. ನ್ಯಾಯಸಮ್ಮತವಾದ ದಾರಿಯನ್ನು ಹಿಡಿದುದರಿಂದಲೇ ನಮ್ಮ ವಾದಕ್ಕೆ ಬಲ ಬಂದಿತೆಂದು ಮತ್ತೆ ಕೆಲವರು ಹೇಳುವರು. ಕಾಸರಗೋಡಿನ ಕನ್ನಡಿಗನ ಮನೆಯಲ್ಲಿ ಏಕೀಕರಣವೆಂಬ ಮಾತಿಗೆ ಇಂದಿಗೂ ಒಂದು ನೋವು ಅಂಟಿಕೊಂಡಿದೆ.

ಇನ್ನು ತಾತ ಹೇಳಿದ ಒಡಕಿನ ಮಾತು. 1968ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾದರು. ಆಗ ಇಂದಿರಾ ಗಾಂಧಿಯವರು ಪ್ರಧಾನಮಂತ್ರಿ. ಪಕ್ಷದ ಸಂಘಟನೆಯನ್ನು ಹಿಡಿದಿದ್ದ ಹಿರಿಯರಿಗೂ ಸರ್ಕಾರವನ್ನು ಹಿಡಿದಿದ್ದ ಪ್ರಧಾನಿಗೂ ನಡುವೆ ಮನಸ್ತಾಪ ಬೆಳೆದಿತ್ತು. 1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಝಾಕಿರ್ ಹುಸೇನರು ನಿಧನರಾದರು. ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ನಾಯಕರು ನೀಲಂ ಸಂಜೀವ ರೆಡ್ಡಿಯವರನ್ನು ಆ ಸ್ಥಾನಕ್ಕೆ ಅಭ್ಯರ್ಥಿಯಾಗಿ ಆರಿಸಿದರು. ಪ್ರಧಾನಿಯವರು ಅವರ ನಾಮಪತ್ರಕ್ಕೆ ಸಹಿ ಹಾಕಿದರು. ಆದರೆ ಪಕ್ಷೇತರರಾಗಿ ನಿಂತಿದ್ದ ವಿ. ವಿ. ಗಿರಿಯವರತ್ತ ಅವರ ಒಲವಿತ್ತು. ಆತ್ಮಸಾಕ್ಷಿಯಂತೆ ಮತ ನೀಡುವ ಸ್ವಾತಂತ್ರ್ಯ ಸದಸ್ಯರಿಗೆ ಇರಬೇಕೆಂದು ಅವರು ಹೇಳಿದರು. ಇದರ ನಡುವೆ, ಜುಲೈ 19ರಂದು, ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಆಗಸ್ಟಿನಲ್ಲಿ ಗಿರಿಯವರು ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಪಕ್ಷವು ಪ್ರಧಾನಮಂತ್ರಿಯನ್ನೇ ಉಚ್ಚಾಟಿಸಿತು. ಕಾಂಗ್ರೆಸ್ಸು ಎರಡಾಯಿತು. ನಿಜಲಿಂಗಪ್ಪನವರ ಕಡೆಯದನ್ನು ಜನರು ಸಂಸ್ಥಾ ಕಾಂಗ್ರೆಸ್ಸೆಂದು ಕರೆದರು.

ಈ ಘಟನೆಯನ್ನು ಎರಡು ಬಗೆಯಾಗಿ ಹೇಳುವವರಿದ್ದಾರೆ. ಪಕ್ಷವು ಒಟ್ಟಾಗಿ ಮಾಡಿದ ನಿರ್ಣಯವನ್ನು, ಅದಕ್ಕೆ ಸಹಿ ಹಾಕಿದವರೇ ಮುರಿದರೆ ಅಧ್ಯಕ್ಷನು ಸುಮ್ಮನಿರಬೇಕೆ ಎಂಬುದು ಒಂದು ಕಡೆಯವರ ಪ್ರಶ್ನೆ. ಇಂದು ಒಬ್ಬ ವ್ಯಕ್ತಿಗಾಗಿ ಶಿಸ್ತನ್ನು ಸಡಿಲಿಸಿದರೆ ನಾಳೆ ಪಕ್ಷವೆಂಬುದು ಆ ವ್ಯಕ್ತಿಯ ನೆರಳಾಗಿಬಿಡುತ್ತದೆ ಎಂದು ಅವರು ಹೇಳುವರು. ಇನ್ನೊಂದು ಕಡೆಯವರು, ಹಿರಿಯರ ಗುಂಪು ಬಡವರಿಗೆ ಹಿತವಾದ ಮಾರ್ಪಾಟುಗಳಿಗೆ ಅಡ್ಡ ನಿಂತಿತೆನ್ನುವರು. ತಮ್ಮ ಅಭ್ಯರ್ಥಿಯ ಗೆಲುವಿಗಾಗಿ ಸ್ವತಂತ್ರ ಪಕ್ಷ, ಜನಸಂಘಗಳ ನೆರವನ್ನು ಅಧ್ಯಕ್ಷರೇ ಬಯಸಿದ್ದರೆಂದು ನೆನಪಿಸುವರು. ಎರಡು ಹೇಳಿಕೆಗಳಲ್ಲಿಯೂ ಸತ್ಯಾಂಶವಿದೆ. ಮತದಾರರು ತಮ್ಮ ತೀರ್ಪನ್ನು 1971ರಲ್ಲಿ ಕೊಟ್ಟರು. ಲೋಕಸಭೆಗೆ ನಡೆದ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಇಂದಿರಾ ಗಾಂಧಿಯವರ ಪಕ್ಷವೇ ಗೆದ್ದಿತು. ಮರುವರ್ಷ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಅವರು ಹಿಂದೆ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿದ್ದವರು. ಅದೇ ಅರಸರನ್ನು 1979ರಲ್ಲಿ ಇಂದಿರಾ ಗಾಂಧಿಯವರ ಪಕ್ಷವು ಹೊರಹಾಕಿತು. ಪಕ್ಷವು ವ್ಯಕ್ತಿಯ ನೆರಳಾದೀತೆಂದು ಹೇಳಿದ್ದವರ ಮಾತನ್ನು ಆಗ ಕೆಲವರಾದರೂ ನೆನೆದಿರಬೇಕು.

ಒಂದು ಸಂಗತಿಯನ್ನು ಗಮನಿಸಿರಿ. ಕೂಡಿಸಿದ ನಿಜಲಿಂಗಪ್ಪನವರೂ ಒಡೆದ ನಿಜಲಿಂಗಪ್ಪನವರೂ ಎರಡು ಸ್ವಭಾವದ ಇಬ್ಬರು ವ್ಯಕ್ತಿಗಳಲ್ಲ. ಸಂಸ್ಥೆಯ ನಿರ್ಣಯಕ್ಕೆ ಬದ್ಧರಾಗಿರಬೇಕು, ಹಿಡಿದ ಮಾತನ್ನು ಬಿಡಬಾರದು ಎಂಬ ಹಟವೇ ಅವರನ್ನು ಏಕೀಕರಣದ ದಾರಿಯಲ್ಲಿ ದಣಿಯದೆ ನಡೆಸಿತು. ಅದೇ ಹಟವು 1969ರಲ್ಲಿ ಹಿಂದೆ ಸರಿಯುವ ದಾರಿಯನ್ನು ಮುಚ್ಚಿತು ಎಂದು ನನಗೆ ತೋರುತ್ತದೆ. ಒಂದೇ ಗುಣವು ಒಂದು ಕಾಲದಲ್ಲಿ ಫಲ ಕೊಟ್ಟು, ಮತ್ತೊಂದು ಕಾಲದಲ್ಲಿ ನಷ್ಟ ತರಬಹುದು. ನಮ್ಮ ಮನೆಯ ಹಿರಿಯರಲ್ಲಿಯೂ ನಾವು ಇದನ್ನು ಕಾಣುತ್ತೇವೆ. ಹಾಗೆಂದು ನಾವು ಅವರನ್ನು ಹಿರಿಯರಲ್ಲವೆನ್ನುವುದಿಲ್ಲ. ಅವರ ತಪ್ಪನ್ನು ಸರಿಯೆನ್ನುವುದೂ ಇಲ್ಲ.

ನಾಯಕನು ಬದುಕಿರುವಾಗ ಅವನನ್ನು ಹೊಗಳುವವರಿಗೆ ಅವನಿಂದ ಏನಾದರೂ ಆಗಬೇಕಾಗಿರುತ್ತದೆ. ತೆಗಳುವವರಿಗೆ ಅವನ ಸ್ಥಾನ ಬೇಕಾಗಿರುತ್ತದೆ. ತೀರಿಕೊಂಡ ಮೇಲೆ ಇವೆರಡೂ ಕಳಚಿಹೋಗಿ, ನಿಜವಾದ ಬೆಲೆ ಕಟ್ಟಲು ಅವಕಾಶವಾಗುತ್ತದೆಂದು ನಾವು ತಿಳಿಯುತ್ತೇವೆ. ಆದರೆ ಅನೇಕ ವೇಳೆ ಹಾಗಾಗುವುದಿಲ್ಲ. ಸತ್ತವರ ಹೆಸರು ಬದುಕಿರುವವರ ಜಗಳಕ್ಕೆ ಆಯುಧವಾಗುತ್ತದೆ. ಒಬ್ಬರು ಜಮೆಯ ಪುಟವನ್ನು ಮಾತ್ರ ಓದಿ ಹಾರ ಹಾಕುವರು. ಮತ್ತೊಬ್ಬರು ಖರ್ಚಿನ ಪುಟವನ್ನು ಮಾತ್ರ ಓದಿ ಮುಖ ತಿರುಗಿಸುವರು. ಲೆಕ್ಕವನ್ನು ಪೂರ್ತಿಯಾಗಿ ಓದುವುದು ವಿದ್ಯಾವಂತರ ಕೆಲಸ. ಈ ಕೆಲಸದಿಂದ ಯಾರಿಗೆ ಏನು ಸಿಕ್ಕಿತು, ಯಾರು ಏನನ್ನು ಕಳೆದುಕೊಂಡರು, ಆ ಹೊತ್ತಿಗೆ ನಾಯಕನಿಗೆ ತಿಳಿದಿದ್ದುದೆಷ್ಟು, ಇದರಲ್ಲಿ ಬೇರೆಯವರ ಪಾಲೆಷ್ಟು, ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಓದು ಸುಗಮವಾಗುತ್ತದೆ.

ಚಿತ್ರದುರ್ಗದ ಸಮೀಪದ ಸೀಬಾರದಲ್ಲಿ ನಿಜಲಿಂಗಪ್ಪನವರ ಸ್ಮಾರಕವಿದೆ. ಅಲ್ಲಿಗೆ ಹೋಗುವ ಅವಕಾಶ ದೊರೆತರೆ ಹೋಗಿ ಬನ್ನಿರಿ. ಹಲವಾಗಲಿನ ಕಡೆಗೂ ಒಮ್ಮೆ ಹೋಗಿರಿ. ಇಂದು ಆ ಸೀಮೆಯ ರೈತನು ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರಿನ ಸಂತೆಗೆ ಹೋದರೆ ಅವನು ಹೋದದ್ದು ಬೇರೆ ಜಿಲ್ಲೆಗೆ ಮಾತ್ರ. ಅವನ ರಾಜ್ಯ ಎರಡು ದಡದಲ್ಲಿಯೂ ಒಂದೇ. ಇದು ಅವನಿಗೆ ಎಷ್ಟು ಸಹಜವಾಗಿದೆಯೆಂದರೆ, ಒಂದು ಕಾಲದಲ್ಲಿ ಹೀಗಿರಲಿಲ್ಲವೆಂಬುದೇ ಅವನಿಗೆ ನೆನಪಿರಲಾರದು. ಆಲಮಟ್ಟಿಯ ಹಿನ್ನೀರಿನ ದಡದಲ್ಲಿ ನಿಂತವನಿಗಾದರೋ ಮುಳುಗಿದ ಬೀದಿಯ ನೆನಪು ಮಾಸುವುದಿಲ್ಲ. ಪಡೆದದ್ದು ಬೇಗ ಮರೆತುಹೋಗುತ್ತದೆ, ಕಳೆದುಕೊಂಡದ್ದು ಉಳಿಯುತ್ತದೆ. ಲೆಕ್ಕ ಬರೆಯುವವರು ಇದನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಅಂದು ಪ್ರಶ್ನೆ ಕೇಳಿದ ಹುಡುಗನು ಈಗ ಎಲ್ಲಿರುವನೋ ನಾನರಿಯೆ. ಅವನು ಎದುರಾದರೆ ನಾನು ಇಷ್ಟು ಹೇಳುವೆನು: "ಮಗು, ನಿಮ್ಮ ತಾತ ಹೇಳಿದ ಎರಡು ಮಾತೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಡ."