ಜಾಣಕಿವುಡೆಂಬ ಅಪವಾದ

ಅರಕಲಗೂಡು ತಾಲ್ಲೂಕಿನ ಕಾವೇರಿ ತೀರದಲ್ಲಿರುವ ರುದ್ರಪಟ್ಟಣವು ಸಂಗೀತಗಾರರ ಊರೆಂದೇ ನಾಡಿನಲ್ಲಿ ಹೆಸರಾದುದು. ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಜನಿಸಿದ ಊರದು. ಶ್ರುತಿಯ ಎಳೆಯಷ್ಟು ವ್ಯತ್ಯಾಸವನ್ನೂ ಗುರುತಿಸುವ ಪರಂಪರೆಯುಳ್ಳ ಇಂಥ ಊರಿನಲ್ಲಾಗಲಿ, ಬೇರೆಲ್ಲಿಯೇ ಆಗಲಿ, ಅರ್ಧಂಬರ್ಧ ಕೇಳಿಸುವ ಮಗುವಿನ ಪಾಡು ಒಂದೇ. ಅಂಧರ ಕೈಯಲ್ಲಿ ಕೋಲುಂಟು, ಕುಂಟುವವರಿಗೆ ಊರುಗೋಲುಂಟು. ಮಂದಶ್ರವಣಕ್ಕೆ ಹೊರಗಿನ ಗುರುತಿಲ್ಲ. ‘ತಿಂಡಿಗೆ ಕರೆದರೆ ಓಡಿಬರುತ್ತಾನೆ, ಲೆಕ್ಕ ಕೇಳಿದರೆ ಕಿವುಡು’ ಎಂದು ಹಿರಿಯರು ನಗುತ್ತಾರೆ. ಇಂಥವರಿಗಾಗಿ ನಮ್ಮ ಭಾಷೆಯು ಜಾಣಕಿವುಡು ಎಂಬ ಪದವನ್ನೇ ಸಿದ್ಧವಾಗಿಟ್ಟುಕೊಂಡಿದೆ.

ಈ ಅಪವಾದದ ಮೂಲವು ಧ್ವನಿಯ ಸ್ವಭಾವದಲ್ಲಿಯೇ ಉಂಟು. ಮಾತಿನಲ್ಲಿ ಸ್ವರಗಳು ಬಲವಾದವು. ಸ, ಶ, ತ, ಕ ಮೊದಲಾದ ವ್ಯಂಜನಗಳು ಕ್ಷೀಣವಾದವು, ಹೆಚ್ಚಿನ ಕಂಪನಾಂಕದವು. ಒಳಗಿವಿಯ ದೋಷದಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ಈ ಹೆಚ್ಚಿನ ಕಂಪನಾಂಕಗಳನ್ನು ಗ್ರಹಿಸುವ ಶಕ್ತಿ. ಆದುದರಿಂದ ಯಾರೋ ಮಾತನಾಡಿದುದು ತಿಳಿಯುತ್ತದೆ, ಏನೆಂದರೆಂಬುದು ತಿಳಿಯುವುದಿಲ್ಲ. ಎದುರಿಗೆ ನಿಂತವರ ತುಟಿಯ ಚಲನೆಯಿಂದ ಮಗು ಅರ್ಥವನ್ನು ತುಂಬಿಕೊಳ್ಳುತ್ತದೆ. ಉಪಾಧ್ಯಾಯರು ಕರಿಹಲಗೆಯತ್ತ ತಿರುಗಿದೊಡನೆ ಆ ಆಧಾರವೂ ತಪ್ಪುತ್ತದೆ. ಬಯಲಿನಲ್ಲಿ ದೂರವು ಇಮ್ಮಡಿಯಾದರೆ ಧ್ವನಿಯು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹೆಂಚಿನ ಮೇಲೆ ಮಳೆ ಸುರಿಯುವಾಗ ಹಿಂದಿನ ಬೆಂಚಿನ ಗತಿ ಹೇಳಬೇಕಾದುದಿಲ್ಲ. ಶೀತದಿಂದ ನಡುಗಿವಿಯಲ್ಲಿ ದ್ರವ ತುಂಬಿದ ಮಕ್ಕಳಿಗಂತೂ ಒಂದು ವಾರ ಕೇಳಿಸಿದುದು ಮತ್ತೊಂದು ವಾರ ಕೇಳಿಸದು. ನೋಡುವವರು ಈ ಏರಿಳಿತವನ್ನೇ ನಟನೆಗೆ ಸಾಕ್ಷಿಯೆಂದು ಹಿಡಿಯುತ್ತಾರೆ. ವಾಸ್ತವವಾಗಿ ಅದು ದೋಷದ ಲಕ್ಷಣ.

ಕಾನೂನಿನ ಆಸರೆಯೂ ಎಲ್ಲರಿಗೆ ದೊರೆಯದು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಎರಡೂ ಕಿವಿಗಳಲ್ಲಿ ಮಾತಿನ ಕಂಪನಾಂಕಗಳಿಗೆ 60ರಿಂದ 70 ಡೆಸಿಬೆಲ್ ನಷ್ಟವಿರುವವರನ್ನು ಮಂದಶ್ರವಣರೆಂದೂ, 70 ಡೆಸಿಬೆಲ್ ನಷ್ಟವಿರುವವರನ್ನು ಕಿವುಡರೆಂದೂ ಎಣಿಸುತ್ತದೆ. 45 ಡೆಸಿಬೆಲ್ ನಷ್ಟವು ಪಾಠ ತಪ್ಪಿಹೋಗಲು ಧಾರಾಳವಾಗಿ ಸಾಕು, ಆದರೆ ಈ ವ್ಯಾಖ್ಯೆಯೊಳಗೆ ಬರಲು ಸಾಲದು. ‘ಪ್ರಮಾಣಪತ್ರ ತೋರಿಸು’ ಎನ್ನುವವರ ಮುಂದೆ ಅಂಥವರು ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ.

ಆಗ ಅನೇಕರು ಮುಚ್ಚಿಡುವ ದಾರಿ ಹಿಡಿಯುತ್ತಾರೆ. ಜರ್ಮನಿಯ ಮಹಾಸಂಗೀತಗಾರ ಬೀಥೋವನ್ 1802ರಲ್ಲಿ ಸೋದರರಿಗೆ ಬರೆದ ಪತ್ರದಲ್ಲಿ ಈ ಸಂಕಟವನ್ನೇ ತೋಡಿಕೊಂಡಿದ್ದಾನೆ. ಗಟ್ಟಿಯಾಗಿ ಮಾತನಾಡಿರೆಂದು ಕೇಳಲು ಸಂಗೀತಗಾರನಾದ ಅವನಿಗೆ ನಾಚಿಕೆ. ಜನರಿಂದ ದೂರ ಸರಿದುದಕ್ಕೆ ಹಠಮಾರಿ, ಜನದ್ವೇಷಿ ಎಂಬ ಹೆಸರು. ಮುಚ್ಚಿಟ್ಟರೆ ಸಂಶಯ ಕಡಮೆಯಾಗದು, ರೂಪ ಬದಲಿಸುತ್ತದೆ ಅಷ್ಟೆ.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಸೀಮೆಯವರಿಗೆ ದೂರದ್ದಲ್ಲ. ಮಗುವಿನ ಉತ್ತರವನ್ನು ಅವಲಂಬಿಸದ ಪರೀಕ್ಷೆಗಳೂ ಇಂದು ಉಂಟು: ತಲೆಗೆ ತಂತಿಗಳನ್ನು ಅಂಟಿಸಿ, ಕಿವಿಗೆ ಶಬ್ದ ಕೊಟ್ಟು, ಮಿದುಳುಕಾಂಡದವರೆಗಿನ ಪ್ರತಿಕ್ರಿಯೆಯನ್ನು ಯಂತ್ರವೇ ಬರೆದುಕೊಳ್ಳುತ್ತದೆ, ಮಗು ನಿದ್ರಿಸುತ್ತಿದ್ದರೂ ಸರಿಯೆ. ನಟನೆಯೆಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ. ನಿತ್ಯದ ವ್ಯವಹಾರಕ್ಕಾದರೋ ‘ನನಗೆ ಕೇಳಿಸುವುದಿಲ್ಲ’ ಎನ್ನುವುದಕ್ಕಿಂತ ‘ಎಡಗಡೆಯಿಂದ ಹೇಳಿದರೆ ತಿಳಿಯದು, ಮುಖ ನೋಡಿ ಹೇಳಿ’ ಎಂದು ನಿರ್ದಿಷ್ಟವಾಗಿ ಹೇಳಲು ಮಗುವಿಗೆ ಕಲಿಸುವುದು ಲೇಸು. ಕೇಳುವವರಿಗೆ ವಾದಿಸಲು ಎಡೆಯಿರದು, ಮಾಡಲು ಕೆಲಸವಿರುತ್ತದೆ.

ಶ್ರವಣಯಂತ್ರ ತೊಟ್ಟ ಮೇಲೆ ‘ಇನ್ನೇನು ಕೊರತೆ?’ ಎಂಬ ಹೊಸ ಪ್ರಶ್ನೆ ಬರುತ್ತದೆ. ಯಂತ್ರವು ಕನ್ನಡಕದಂತಲ್ಲ, ಮಾತಿನೊಡನೆ ಬೆಂಚೆಳೆಯುವ ಸದ್ದನ್ನೂ ಹಿಗ್ಗಿಸುತ್ತದೆ. ಪಾಠದ ನಡುವೆ ‘ಕೇಳಿಸಿತೆ?’ ಎಂದರೆ ಯಂತ್ರ ತೊಟ್ಟ ಮಗುವೂ ಹೌದೆಂದೇ ತಲೆಯಾಡಿಸುತ್ತದೆ. ‘ನಾನು ಹೇಳಿದುದೇನು?’ ಎಂದು ಕೇಳಿ, ಎರಡನೆಯ ಸಲ ಬೇರೆ ಮಾತುಗಳಲ್ಲಿ ಹೇಳುವ ಉಪಾಧ್ಯಾಯರ ತರಗತಿಯಲ್ಲಿ ಅದು ಮುಂದಿನ ಬೆಂಚಿಗೆ ತಾನಾಗಿಯೇ ಬಂದು ಕೂರುತ್ತದೆ.