ಫರ್ಮಾನಿನಿಂದ ರಾಜ್ಯಾಂಗಕ್ಕೆ



ರಾಜ್ಯಾಂಗವೆಂಬುದು ಅರಸನು ಪ್ರಜೆಗಳಿಗೆ ದಯಪಾಲಿಸುವ ಸೌಲಭ್ಯಗಳ ಪಟ್ಟಿಯಲ್ಲ. ಆಳುವವರ ಅಧಿಕಾರಕ್ಕೆ ಪ್ರಜೆಗಳು ಗೊತ್ತುಮಾಡುವ ಎಲ್ಲೆ. ಹಾಗಾದರೆ, ಅದನ್ನು ರಚಿಸುವಾಗ ಹೊರಗುಳಿದವರ ಪಾಡೇನು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವುಂಟು.

೧೭೮೭ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಅಮೆರಿಕದ ೫೫ ಮಂದಿ ಪ್ರತಿನಿಧಿಗಳು ನೆರೆದು, ಶಾಸನ ಮಾಡುವುದು, ಅದನ್ನು ನಡೆಸುವುದು, ನ್ಯಾಯ ತೀರ್ಮಾನಿಸುವುದು ಎಂದು ಅಧಿಕಾರವನ್ನು ಮೂರಾಗಿ ವಿಭಾಗಿಸಿದರು. ಆ ಸಭೆಯಲ್ಲಿ ಗುಲಾಮರಿಗೆ ಎಡೆಯಿರಲಿಲ್ಲ. ಸ್ಥಾನಗಳನ್ನು ಹಂಚುವ ಲೆಕ್ಕದಲ್ಲಿ ಐವರು ಗುಲಾಮರು ಮೂವರಿಗೆ ಸಮವೆಂದು ಎಣಿಸಲ್ಪಟ್ಟರು.

ನಮ್ಮ ನಾಡಿನಲ್ಲಿ, ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ಮೊದಲು ಸೇರಿತು. ಅದರ ೧೪೪ ಸದಸ್ಯರು ನಾಡಿನ ಕುಂದುಕೊರತೆಗಳನ್ನು ಅರಿಕೆಮಾಡಬಹುದಾಗಿತ್ತು. ಶಾಸನ ಮಾಡುವ ಅಧಿಕಾರ ಅವರಿಗಿರಲಿಲ್ಲ.

ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳಾದರೋ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಅವುಗಳಲ್ಲಿ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರು. ಅಲ್ಲಿ ನಿಜಾಮರ ಫರ್ಮಾನೇ ಕೊನೆಯ ಮಾತು. ೧೯೪೬ರ ಡಿಸೆಂಬರಿನಲ್ಲಿ ಆರಂಭವಾದ ಭಾರತದ ರಾಜ್ಯಾಂಗ ರಚನಾಸಭೆಯಲ್ಲಿ ಹೈದರಾಬಾದಿನ ಪ್ರತಿನಿಧಿಗಳು ಕಡೆಯವರೆಗೂ ಕುಳಿತುಕೊಳ್ಳಲಿಲ್ಲ. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದ ವಶಕ್ಕೆ ಬಂದಿತು. ೧೯೪೯ರ ನವೆಂಬರಿನಲ್ಲಿ ಆ ರಾಜ್ಯಾಂಗವನ್ನು ಅಂಗೀಕರಿಸಿದುದೂ ನಿಜಾಮರ ಒಂದು ಫರ್ಮಾನೇ! ಫರ್ಮಾನು ತನ್ನ ಪ್ರಭುತ್ವವನ್ನು ತಾನೇ ಮುಗಿಸಿತು. ಆದರೆ ಪ್ರಜೆಗಳನ್ನು ಆಗಲೂ ಯಾರೂ ಕೇಳಲಿಲ್ಲ.

ಅವರಿಗೆ ಮಾತು ದೊರೆತುದು ಮೊದಲನೆಯ ಮಹಾಚುನಾವಣೆಯಲ್ಲಿ. ವಯಸ್ಕರಾದ ಸ್ತ್ರೀಪುರುಷರೆಲ್ಲರಿಗೂ ಮತವಿದ್ದ ಆ ಚುನಾವಣೆಯಲ್ಲಿ, ೧೯೫೨ರಲ್ಲಿ, ಕುಷ್ಟಗಿ ಕ್ಷೇತ್ರವು ಅಳವಂಡಿಯ ಶಿವಮೂರ್ತಿಸ್ವಾಮಿಗಳನ್ನು ಲೋಕಸಭೆಗೆ ಕಳುಹಿಸಿತು. ರಜಾಕಾರರ ವಿರುದ್ಧ ಮುಂಡರಗಿಯ ಶಿಬಿರವನ್ನು ನಡೆಸಿದ್ದ ಅವರು ಪಕ್ಷೇತರರಾಗಿ ನಿಂತು ಗೆದ್ದರು.

ಅಂತೂ ರಚನೆಯಲ್ಲಿ ಹೊರಗುಳಿದವರು ತಿದ್ದುಪಡಿಯ ಬಾಗಿಲಿನಿಂದ ಒಳಬರಬಹುದು. ಅಮೆರಿಕದಲ್ಲಿ ೧೮೬೫ರ ಹದಿಮೂರನೆಯ ತಿದ್ದುಪಡಿಯು ಗುಲಾಮಗಿರಿಯನ್ನು ತೆಗೆದುಹಾಕಿತು. ಭಾರತದಲ್ಲಿ ೨೦೧೨ರ ತೊಂಬತ್ತೆಂಟನೆಯ ತಿದ್ದುಪಡಿಯು ೩೭೧-ಜೆ ಅನುಚ್ಛೇದವನ್ನು ಸೇರಿಸಿ, ಕೊಪ್ಪಳವೂ ಒಳಗೊಂಡ ಹೈದರಾಬಾದು ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಲಿಗೂ, ವಿದ್ಯಾಭ್ಯಾಸ ಮತ್ತು ಸರ್ಕಾರಿ ನೌಕರಿಗಳಲ್ಲಿ ಮೀಸಲಾತಿಗೂ ದಾರಿಮಾಡಿತು.

ಫರ್ಮಾನನ್ನು ತಿದ್ದಬಲ್ಲವನು ಅದನ್ನು ಹೊರಡಿಸಿದವನೊಬ್ಬನೇ. ರಾಜ್ಯಾಂಗವನ್ನಾದರೋ ಅದಕ್ಕೆ ಒಳಪಟ್ಟವರೇ ತಮ್ಮ ಪ್ರತಿನಿಧಿಗಳ ಮೂಲಕ ತಿದ್ದಬಲ್ಲರು. ಇವೆರಡಕ್ಕೂ ಇರುವ ಭೇದವು ಇದೇ. ಆದಕಾರಣ, ಪ್ರತಿನಿಧಿಯನ್ನು ಆರಿಸುವ ದಿನ ಮನೆಯಲ್ಲಿ ಕುಳಿತವನು ರಾಜ್ಯಾಂಗದ ರಚನೆಯಿಂದ ತನ್ನನ್ನು ತಾನೇ ಹೊರಗಿಟ್ಟುಕೊಂಡಂತೆ ಎಂಬುದನ್ನು ನಾವು ಮರೆಯಬಾರದು.