ಮಂಕನಹಳ್ಳಿಯಲ್ಲಿ ಅಗಲುವ ನೀರು

ಬಿಸ್ಲೆ ಘಾಟಿ ಇಳಿಯುವ ಮೊದಲು, ಸಕಲೇಶಪುರ ತಾಲ್ಲೂಕಿನ ಮಂಕನಹಳ್ಳಿ ಬಳಿ ರಸ್ತೆಬದಿಗೆ ಬ್ರಿಟಿಷರ ಕಾಲದ್ದೆನ್ನುವ ಒಂದು ಗುರುತುಕಲ್ಲಿದೆ. ಒಂದು ಮಗ್ಗುಲು ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಬಂಗಾಳ ಕೊಲ್ಲಿಗೆ. ಪಡುವಣ ಇಳಿಜಾರಿನ ಮಳೆ ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಳಗೆ ಬೆರೆತು ಮಂಗಳೂರಿನ ಅಳಿವೆ ಮುಟ್ಟುತ್ತದೆ. ಮೂಡಣದ್ದು ಹೇಮಾವತಿಯ ಪಾಲು. ಆಲೂರು ಸೀಮೆಯ ಹಿನ್ನೀರು, ಗೊರೂರು ಅಣೆಕಟ್ಟು, ಆಮೇಲೆ ಕಾವೇರಿ. ನಾವು ಹೋದ ದಿನ ಮಳೆ ಬಿಡುವಿಲ್ಲದೆ ಹೊಯ್ಯುತ್ತಿತ್ತು. ಕಲ್ಲಿನ ನೆತ್ತಿಯಿಂದ ಎರಡೂ ಕಡೆ ಬೆರಳು ದಪ್ಪದ ಧಾರೆ ಇಳಿಯುತ್ತಿತ್ತು.

ಈ ಸೀಮೆಗೆ ಇತಿಹಾಸವೂ ಇದೆ. ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಿಂದ, ಆಕಾಶ ತಿಳಿಯಾಗಿದ್ದರೆ, ಕಡಲು ಕಾಣುತ್ತದಂತೆ. ಆ ಮಳೆಯಲ್ಲಿ ನಮಗೆ ಕೋಟೆಯೇ ನೆಟ್ಟಗೆ ಕಾಣಲಿಲ್ಲ.

ಘಟ್ಟದ ನೀರು ಕಡಲು ಸೇರಿದ ಮೇಲೆ ಏನಾಗುತ್ತದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ತೆಳ್ಳಗೆ ಹರಡಿಕೊಳ್ಳುತ್ತದೆ. ಮುಂಗಾರಿನಲ್ಲಿ ಕರಾವಳಿಯ ಪ್ರವಾಹ ತೆಂಕಣಕ್ಕೆ ಓಡುತ್ತದೆ. ಗಾಳಿಯ ಎಳೆತಕ್ಕೆ ಭೂಮಿಯ ತಿರುಗುವಿಕೆಯೂ ಸೇರಿ ಮೇಲ್ನೀರು ದಡದಿಂದ ಆಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಬೂತಾಯಿ, ಬಂಗುಡೆಗಳ ಸುಗ್ಗಿಯ ಮೂಲ ಅದೇ. ಆದರೆ ಮಳೆ-ಹೊಳೆಗಳ ಸಿಹಿಪದರ ಗಾಳಿಯ ಕಲಕಾಟವನ್ನು ಕೆಳಗಿಳಿಯಲು ಬಿಡದು. ಕೆಳಗಿನ ನೀರಿನಲ್ಲಿ ಆಮ್ಲಜನಕ ಕ್ಷೀಣಿಸುತ್ತದೆ, ತಳದ ಮೀನು ಜಾಗ ಬಿಡುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ದಶಕಗಳಿಂದ ಇದರ ಬೆನ್ನು ಹತ್ತಿದ್ದಾರೆ.

ನನಗೆ ಹಿಡಿಸಿದ್ದು ಚಳಿಗಾಲದ ಕಥೆ. ನವೆಂಬರ್ ಹೊತ್ತಿಗೆ ಪ್ರವಾಹಗಳು ದಿಕ್ಕು ಬದಲಿಸುತ್ತವೆ. ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯ ನೀರು ಪೂರ್ವ ಕರಾವಳಿಗುಂಟ ಕೆಳಗಿಳಿದು, ಶ್ರೀಲಂಕೆಯನ್ನು ಸುತ್ತಿ, ನಮ್ಮ ಪಡುವಣ ಕರಾವಳಿಗುಂಟ ಬಡಗಣಕ್ಕೆ ಹತ್ತುತ್ತದೆ. ಅದರಲ್ಲಿ ಗಂಗಾ, ಬ್ರಹ್ಮಪುತ್ರಗಳದೇ ದೊಡ್ಡ ಪಾಲು, ನಿಜ. ಅಣೆಕಟ್ಟು, ಗದ್ದೆಗಳನ್ನೆಲ್ಲ ದಾಟಿ ಉಳಿದ ಹೇಮಾವತಿಯ ನಾಲ್ಕು ಹನಿಯೂ ಇದ್ದೀತು. ಅಂದರೆ ಮಂಕನಹಳ್ಳಿಯಲ್ಲಿ ಅಗಲಿದ್ದು ಮಂಗಳೂರಿನ ಎದುರಿಗೆ ಸೇರಬಹುದು. ಆ ಕಲ್ಲಿನ ಪಕ್ಕ ಇದನ್ನು ಹೇಳುವ ಕನ್ನಡದ ಫಲಕವೊಂದಿದ್ದರೆ ಚೆನ್ನಾಗಿತ್ತು.

ಚಹಾದಂಗಡಿಯಲ್ಲಿ ಸಿಕ್ಕ ಕಾಫಿ ತೋಟದ ರೈಟರ್ ಮಾತು ಶುರು ಮಾಡಿದರೆ ನಿಲ್ಲಿಸುವ ಆಸಾಮಿಯಲ್ಲ. ಕೊಳೆರೋಗ, ಕೂಲಿ, ಆನೆ ದಾಟಿ ಎತ್ತಿನಹೊಳೆಗೆ ಬಂದರು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾದ ಈ ಯೋಜನೆ, ಇಲ್ಲಿನ ಪಶ್ಚಿಮವಾಹಿನಿ ಹಳ್ಳಗಳ 24.01 ಟಿಎಂಸಿ ನೀರನ್ನು ಬಯಲುಸೀಮೆಗೆ ಒಯ್ಯುವ ಲೆಕ್ಕದ್ದು. ಪೈಪಿಗಾಗಿ ಗುಡ್ಡ ಕಡಿದ ಕಡೆಯೆಲ್ಲ ಮಣ್ಣು ಜಾರುವ ಭಯ ಅವರಿಗೆ. ಕೋಲಾರದವರಿಗೆ ನೀರು ಬೇಡವೆಂದು ಅವರೂ ಹೇಳಲಿಲ್ಲ. ಸಿಟ್ಟಿದ್ದದ್ದು, ಕಡಲಿಗೆ ಹೋದ ನೀರು ದಂಡ ಎಂಬ ಮಾತಿನ ಮೇಲೆ. ಮೀನು ತಿನ್ನುವವರು ಹಾಗೆ ಹೇಳಬಾರದಂತೆ. ಶಿರಾಡಿ ಹತ್ತಿ ಬರುವ ಮೀನಿನ ಗಾಡಿ ಅಂದು ಇನ್ನೂ ಬಂದಿರಲಿಲ್ಲ. ಬಂದರೂ, ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ರಜೆ ಇರುವಾಗ ಬಂಗುಡೆಯ ರೇಟು ಕೇಳುವ ಹಾಗಿಲ್ಲವೆಂದು ಗೊಣಗುತ್ತ ಅವರು ಇನ್ನೊಂದು ಚಹಾ ಹೇಳಿದರು.